ಬಿಟ್ಟದ್ದು ಮೊಸರು

ಬನಹಟ್ಟಿ
ತಾ. ೧೧-೨-೧೯೫೩, ಬುಧವಾರ

ಚಿ. ಸೌ. ಶಿವಗಂಗಾಗೆ ಗಿರಿಮಲ್ಲಪ್ಪ ಬರೆಯುವುದು.

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಕೂಸು ಹೊಟ್ಟೆಯಲ್ಲಿ ಮೊದಲಿನಂತೆ ಆಡುತ್ತದೆಯೇ? ಇಲ್ಲಿ ಅವ್ವನ ಕೆಮ್ಮು ಕಡಿಮೆಯಾಗಿದೆ. ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುತ್ತೇನೆ, ನಾಲ್ಕು ಸಲ ಲಾಳಿ ಓಡಿಸಿ ಏಳುತ್ತೇನೆ. ನಿನ್ನೆಯಿಂದ ಹೀಗೇ. "ಹೆಂಡತಿ ತವರಿಗಿ ಹೋಗ್ಯಾಳ, ಕಾಶಿಗಲ್ಲ" ಎಂದು ಅವ್ವ ಚುಚ್ಚಿದಳು. ಅವಳಿಗಿನ್ನೂ ಹೇಳಿಲ್ಲ.

ವಾರಕ್ಕೊಮ್ಮೆ ಇಲ್ಲಿಗೆ ಬರುವ ನರ್ಸಬಾಯಿ ಸುಲಭಾ ನಿನ್ನೆ ಸಿಕ್ಕಿದ್ದರು. ನಿನಗೆ ಐದು ತಿಂಗಳಾದಾಗ ಅವರಿಗೇ ತೋರಿಸಿದ್ದೆವಲ್ಲ. ಅವರ ಮರಾಠಿ ನಿನಗೆ ತಿಳಿಯದೆಂದು ನಾನೇ ನಡುವೆ ನಿಂತು, "ಮಸರ ಬಿಡಬೇಕಂತ" ಎಂದಿದ್ದೆ. ಯಾಕೆಂದು ನೀನು ಕೇಳಲಿಲ್ಲ. ಮೊಸರಿನ ಜೊತೆ ಮಜ್ಜಿಗೆಯನ್ನೂ ಬಿಟ್ಟೆ. ತವರೂರು ಹುನ್ನೂರಿಗೆ ಹೋದ ಮೇಲೂ ಬಿಟ್ಟೇ ಇದ್ದೀ. "ಎಮ್ಮಿ ಕಟ್ಟಿದ ಮನ್ಯಾಗ ಮಸರ ಒಲ್ಲೆನ್ನೋ ಬಸರಿ ಇಕಿ ಒಬ್ಬಾಕಿ" ಎಂದು ನಿನ್ನ ಅವ್ವ ಆಡಿಕೊಳ್ಳುವುದನ್ನು ನೀನೇ ಬರೆದಿದ್ದೆ.

ನರ್ಸಬಾಯಿ ಈಗ ಒಂದಿಷ್ಟು ಕನ್ನಡ ಕಲಿತಿದ್ದಾರೆ. "ಮಶೇರಿ ಬಿಟ್ಟಾರೇನ್ರಿ?" ಎಂದು ಕೇಳಿದರು. "ಒಂದ ತುತ್ತೂ ಮುಟ್ಟಿಲ್ಲರಿ, ಮಜ್ಜಿಗೀನೂ ಬಿಟ್ಟಾಳ" ಎಂದೆ, ಹೆಮ್ಮೆಯಿಂದಲೇ. "ಮಜ್ಜಿಗಿ ಯಾಕ್ರಿ?" ಎಂದು ನನ್ನ ಮುಖ ನೋಡಿದರು. ಆಮೇಲೆ ತೋರುಬೆರಳನ್ನು ತಮ್ಮ ಹಲ್ಲಿನ ಮೇಲೆ ಆಚೀಚೆ ಎಳೆದು ತೋರಿಸಿದರು.

ಶಿವಗಂಗಾ, ಮಶೇರಿ ಎಂದರೆ ಮೊಸರಲ್ಲ. ಸುಟ್ಟ ತಂಬಾಕು. ನಾವು ಕರಿಪುಡಿ ಎನ್ನುತ್ತೇವಲ್ಲ, ನೀನು ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುವುದು, ಅದು. ನನ್ನ ಮರಾಠಿಯೆಲ್ಲ ಕಾದಂಬರಿ ಓದಿ ಬಂದದ್ದು, ಅವುಗಳಲ್ಲಿ ಯಾರೂ ಹಲ್ಲು ತಿಕ್ಕುವುದಿಲ್ಲ. ಮೂರು ತಿಂಗಳು ಮೊಸರು ತಪ್ಪಿಸಿದವನು ನಾನು, ನೀನು ತವರಿಗೆ ಹೊರಟಾಗ ಪುಡಿಯ ಡಬ್ಬಿ ತುಂಬಿ ಗಂಟಿನಲ್ಲಿ ಇಟ್ಟವನೂ ನಾನೇ. "ಹಚ್ಚಿಕೊಂಡ್ರ ಹಸಿವು ತಿಳಿಯಂಗಿಲ್ಲರಿ, ಕಂಡಿಕಿಗೆ ನೂಲು ಲಗೂ ಸುತ್ತತೇನಿ" ಎನ್ನುತ್ತಿದ್ದೆ ನೀನು. ನನಗೂ ಅದು ಅನುಕೂಲವೇ ಆಗಿತ್ತು. ಹಚ್ಚುವವರ ಕೂಸು ಸಣ್ಣದಾಗಿ ಹುಟ್ಟುವುದನ್ನು, ದಿನ ತುಂಬದೆ ಹೋಗುವುದನ್ನು ಬಹಳ ಕಂಡಿದ್ದೇನೆಂದರು ನರ್ಸಬಾಯಿ. "ಮೊದಲಿನ ಕೂಸು ಹೋತಲ್ಲ, ಆವಾಗೂ ಹಚ್ಚತಿದ್ರೇನು?" ಎಂದು ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಡಬ್ಬಿಯನ್ನು ಇವತ್ತೇ ತಿಪ್ಪೆಗೆ ಸುರಿ. ಎರಡು ದಿನ ತಲೆ ನೋಯುತ್ತದಂತೆ, ಸಿಟ್ಟು ಬರುತ್ತದಂತೆ. ಆ ಸಿಟ್ಟೆಲ್ಲ ನನ್ನ ಮೇಲಿರಲಿ. ಹೊಟ್ಟೆ ತುಂಬ ಮೊಸರು ಉಣ್ಣು. ಹಿರಿಯರಿಗೆ ನನ್ನ ಶರಣು ಹೇಳು. ನಿನ್ನನ್ನೂ ಕೂಸನ್ನೂ ದೇವರು ಕಾಯಲಿ.

ನಿನ್ನ
ಗಿರಿಮಲ್ಲಪ್ಪ

ತಾ. ಕ.: ನಿನ್ನೆ ಬಂಡಿ ಸಿಗಲಿಲ್ಲ. ಈಗ ಬಂಡಿಯ ಹೊಳೆಪ್ಪ ನಿಮ್ಮೂರಿಗೆ ಹೂಡಿ ನಿಂತಿದ್ದಾನೆ, ಇದು ಇವತ್ತೇ ನಿನ್ನ ಕೈ ಸೇರುತ್ತದೆ. ಕುಪ್ಪಸದ ಸೀಮಂತದಲ್ಲಿ ಇಡಿಸಿದ ಹಸಿರು ಬಳೆ ಈಗ ಕೈಯಲ್ಲಿ ಅಲುಗುವುದಿಲ್ಲ ಎಂದು ನಗುತ್ತ ಬರೆದಿದ್ದೆಯಲ್ಲ, ಅದನ್ನು ಹೇಳಿದಾಗ ನರ್ಸಬಾಯಿ ನಗಲಿಲ್ಲ. ಕಾಲಿನ ಜೊತೆ ಕೈಯೂ ಬಾತಿದ್ದರೆ ಜೀವಕ್ಕೆ ಅಪಾಯವಂತೆ, ತಡಮಾಡಬಾರದಂತೆ. ಅದೇ ಬಂಡಿಯಲ್ಲಿ ಜಮಖಂಡಿ ದವಾಖಾನೆಗೆ ಬಾ. ನಾನು ಅಲ್ಲಿಗೆ ಈಗಲೇ ಹೊರಟೆ, ಬಾಗಿಲಲ್ಲೇ ಇರುತ್ತೇನೆ. ಹೆರುವ ಮೊದಲು ತವರಿನ ಹೊಸ್ತಿಲು ದಾಟಬಾರದೆಂದು ನಿನ್ನ ಅವ್ವ ಅಂದಾರು. ತಪ್ಪು ಅಳಿಯನದು ಎಂದು ಹೇಳು. ಬೈಯಲಿ. ನೀನು ಬಂಡಿ ಹತ್ತು.