ಬರೆಯ ಮೇಲಿನ ಇಂಗುಗುಂಡಿಗಳು

ಕುಶಾಲನಗರ
ಮೇ 29

ಪ್ರೀತಿಯ ಸರ್ವಮಂಗಳಕ್ಕ,

ಗೃಹಪ್ರವೇಶಕ್ಕೆ ಖಂಡಿತ ಬರುತ್ತೇನೆ ಎಂದಷ್ಟೇ ಬರೆದು ಮುಗಿಸುವವಳಿದ್ದೆ. ಆ ಕಾಗದ ಇನ್ನೂ ಮೇಜಿನ ಮೇಲಿದೆ. ಅದನ್ನು ಕಳಿಸುವುದಿಲ್ಲ. ಜೂನ್ ಎಂಟಕ್ಕೆ ನೀವು ಯಾರೂ ಆ ಮನೆಗೆ ಹೋಗಬೇಡಿ.

ನಿನ್ನ ನಾಲ್ಕನೇ ನಂಬರಿನ ಮನೆ, ಅದರ ಮುಂದಿನ ಜೌಗು, ಎರಡೂ ನನ್ನ ನಕ್ಷೆ. ಮಣ್ಣು ತುಂಬಿ ಹಾಳುಬಿದ್ದಿದ್ದ ಗದ್ದೆಯನ್ನು ಮತ್ತೆ ಜೌಗು ಮಾಡಿದೆವು. ಕಪ್ಪೆ ಬಂದವು, ಬೆಳ್ಳಕ್ಕಿ ಬಂದವು. ಅದನ್ನು ನೋಡಿಯೇ ನೀನು ಮನೆ ಒಪ್ಪಿದ್ದು. ಬೇಸಿಗೆಯಲ್ಲೂ ಅದು ಒಣಗಬಾರದೆಂದು ಮನೆಯ ಹಿಂದಿನ ಬರೆಯ ಮೇಲೆ, ಆ ಕಡಿದಾದ ಇಳಿಜಾರಿನಲ್ಲಿ, ನಲವತ್ತು ಇಂಗುಗುಂಡಿ ತೋಡಿಸಿದೆ. ಮಳೆನೀರು ಹೊರಗೆ ಹೋಗುತ್ತಿದ್ದ ಹಳೆಯ ಚರಂಡಿ ಮುಚ್ಚಿಸಿದೆ. ಒಂದು ಹನಿಯೂ ಪೋಲಾಗದ ಬಡಾವಣೆ ಎಂದು ಹಸಿರು ಸರ್ಟಿಫಿಕೇಟ್ ಬಂತು. ಬಯಲುಸೀಮೆಗೆ ಸರಿಹೋಗುವ ವಿಧಾನವನ್ನು ಮಣ್ಣು ಪರೀಕ್ಷೆಯನ್ನೂ ಮಾಡಿಸದೆ ಇಲ್ಲಿಗೆ ತಂದಿದ್ದೆ.

ಗುಂಡಿ ತೋಡಿದ ನಿಂಗ ಆಗಲೇ ಹೇಳಿದ್ದ: "ಬರೆ ಹೊಟ್ಟೆಗೆ ನೀರು ಕುಡಿಸ್ಬ್ಯಾಡಿ ಮೇಡಂ, ಜಾರ್ತದೆ." ನಾನು ನಕ್ಕಿದ್ದೆ. ಕಳೆದ ವಾರ ಎರಡು ದೊಡ್ಡ ಮಳೆಯಾದ ಮೇಲೆ ಅವನೇ ಫೋನ್ ಮಾಡಿ ಕರೆಸಿದ. ಜೌಗಿನ ನೀರು ಕೆಂಪಾಗಿತ್ತು. ನಿನ್ನ ಅಡುಗೆಮನೆಯ ಹಿಂದೆ ನೆಲದಲ್ಲಿ ಬಿರುಕು. ಕೈ ಇಳಿಸಿದೆ, ಮೊಣಕೈವರೆಗೂ ಹೋಯಿತು. ಒಳಗೆಲ್ಲೋ ನೀರು ಹರಿಯುವ ಸದ್ದು. "ಈಗ ನಿಮ್ಮ ಸರ್ಟಿಫಿಕೇಟ್ನ ಇದ್ರೊಳಗೆ ತುರುಕಿ, ನಿಲ್ತದಾ ನೋಡಾಣ" ಅಂದ ನಿಂಗ.

ಬಡಾವಣೆಯ ಮಾಲೀಕ ಜಯಪ್ರಕಾಶ್, "ಮಳೆಗಾಲ ಮುಗೀಲಿ ಬಿಡಿ. ಈಗ ಬಾಯಿ ಬಿಟ್ರೆ ಮೊದ್ಲು ನಿಮ್ಮ ಸೈನೇ ಕಾಣೋದು" ಎಂದರು. ಅಲ್ಲಿಗೆ ವಾಸಕ್ಕೆ ಬರುವವರಲ್ಲಿ ನೀವೇ ಮೊದಲಿಗರೆಂದು ಗೊತ್ತಿದ್ದೂ ಒಂದು ವಾರ ಸುಮ್ಮನಿದ್ದೆ. ಭಾವ ನಿಮ್ಮ ಮೊಮ್ಮಗಳು ಚಿನ್ನಿಯ ಮಂಚಕ್ಕೆಂದು ಅಳತೆ ತೆಗೆದದ್ದು ಹಿಂದಿನ ಕೋಣೆಯಲ್ಲೇ, ಬರೆಗೆ ತಾಗಿದಂತಿರುವ ಆ ಕೋಣೆಯಲ್ಲಿ. ಅದು ನೆನಪಾದಾಗಲೆಲ್ಲ ಎದ್ದು ಓಡಾಡುತ್ತೇನೆ.

ಚರಂಡಿ ಬಿಡಿಸಲು ನಿಂಗನಿಗೆ ಹೇಳಿದ್ದೇನೆ. ಇದನ್ನೇ ಪಂಚಾಯಿತಿಗೂ ಬರೆದಿದ್ದೇನೆ. ಫೋನಿನಲ್ಲಿ ಹೇಳಿದ್ದರೆ ನಾಳೆ ಹೆದರಿ ಹಾಗಂದೇ ಇಲ್ಲ ಎಂದುಬಿಡಬಲ್ಲೆ, ನನ್ನನ್ನು ನಾನು ಬಲ್ಲೆ. ಸಹಿ ಹಾಕಿದ ಕಾಗದ ನಿನ್ನ ಕೈಯಲ್ಲಿರಲಿ.

ನಿನ್ನ ಎದುರು ನಿಲ್ಲಲು ಹೆದರುವ ತಂಗಿ,
ಶಾಂಭವಿ

ತಾ.ಕ.: ಭಾನುವಾರ ನೀವು ಮನೆ ನೋಡಲು ಬಂದಾಗ ಹಿತ್ತಿಲಲ್ಲಿ ಫೋಟೋ ತೆಗೆದೆಯಲ್ಲ, ಎಷ್ಟು ಕರೆದರೂ ನಾನು ನಿಂತಲ್ಲಿಂದ ಕದಲಲಿಲ್ಲ. ಬಿರುಕಿನ ಮೇಲೆ ಹಲಗೆ ಹಾಕಿ ಅದರ ಮೇಲೆ ನಿಂತಿದ್ದೆ. ಫೋಟೋದಲ್ಲಿ ನನ್ನ ಚಪ್ಪಲಿಯ ಕೆಳಗೆ ನೋಡು. ಇದನ್ನು ಅಂಚೆಗೆ ಹಾಕುವುದು ನಾಳೆ, ಮೇ 30.