ಅರ್ಧ ಜೋಳ, ಅರ್ಧ ಕಣ್ಣು

ಹ್ಯಾಮಿಲ್ಟನ್, ನ್ಯೂಜಿಲೆಂಡ್,
೧೪ ಜುಲೈ ೨೦೨೪

ಕಾತ್ಯಾಯಿನಿ ಅಕ್ಕಗ ತಮ್ಮ ಸಂಕೇತನ ನಮಸ್ಕಾರ.

ಆರಾಮ ಅದೀಯೇನು? ಇಷ್ಟು ತಡಾ ಮಾಡಿದ್ದಕ್ಕ ಸಿಟ್ಟಾಗಬ್ಯಾಡ. ಟೈಪ್ ಮಾಡಾಕ ಕುಂತ್ರ ಬರದದ್ದನ್ನ ಬರೇ ಅಳಸ್ತೀನಿ. ಅದಕ್ಕ ಬಾಯಿಲೆ ಹೇಳಾಕತ್ತೀನಿ, ಫೋನ್ ಬರಕೊಳ್ಳಾಕತ್ತೈತಿ. ಫ್ಲಾಟ್‌ಮೇಟ್ ಮಲಗ್ಯಾನ, ನಾ ಕಾರಿನ್ಯಾಗ ಕುಂತೀನಿ. ಥಂಡಿ ಭಾಳ. ಹಾಲಿನ ಪುಡಿ ಫ್ಯಾಕ್ಟರಿ ಕೆಲಸ ನಡದೈತಿ. ಊಟಾ ಮಾಡ್ತೀನಿ.

ಧಾರವಾಡದಾಗ ನಿನ್ನ ದೊಡ್ಡ ಪ್ರದರ್ಶನ ಅಂತ ಓದಿ ಖುಷಿ ಆಗಬೇಕಿತ್ತು. ಆತು ಅನ್ಕೋ. ನನ್ನ ಹಂತೇಕ ಇರೋ, ನೀ ಬರದ ಅವ್ವನ ಚಿತ್ರ ಕಳಸು, ಅದಿಲ್ಲಂದ್ರ ನಿನ್ನ ಶೈಲಿ ಎಲ್ಲಿಂದ ಶುರು ಆತು ಅಂತ ಜನಕ್ಕ ತಿಳಿಯೂದಿಲ್ಲ ಅಂದಿ. ಖರೇ ಐತಿ. ಇವತ್ತ ಗ್ವಾಡಿಯಿಂದ ಇಳಿಸಿ ನೋಡಿದೆ. ಸೀರಿ ಅಂಚು, ಬಳಿ, ಗದ್ದದ ಮಚ್ಚಿ, ಎಲ್ಲಾ ಫೋಟೋ ತಗದಂಗ ಬರದಿ. ಅವ್ವ ಕಣ್ಣ ಮುಚ್ಚಿ ಜೋಳ ಹಸನ ಮಾಡಾಕತ್ತಾಳ. ಮೊರದಾಗ ಮಾತ್ರ ಈ ಕಡೆ ಜೋಳ, ಆ ಕಡೆ ಜೋಳದಷ್ಟ ಸಣ್ಣ ಕಣ್ಣು. ನಡುವಿನ ಕಾಳು ಅದೂ ಅಲ್ಲ, ಇದೂ ಅಲ್ಲ. ಅಲ್ಲಿ ನಿನ್ನ ಕೈ ಅಳುಕೈತಿ. ಈಗ ನೀ ಹೊಲದ ಮ್ಯಾಲ ಸೂರ್ಯನಂಗ ಏಳೂ ಅಂಥಾ ದೊಡ್ಡ ಕಣ್ಣ ಬರೀತಿ, ಮಾರಿನ ಇರಂಗಿಲ್ಲ. ಅಳುಕೂ ಇಲ್ಲ. ನನಗ ಹಳೇದ ಚಂದ.

ಒಂದು ಮಾತು. ಅವ್ವನ ಹಣಿ ಮ್ಯಾಲ ಮೂರು ಪಟ್ಟಿ ವಿಭೂತಿ ಐತಿ. ಹೋದ ವರ್ಷ ಆಕ್ಲೆಂಡಿನಿಂದ ಇಲ್ಲಿ ಪರಿಚಯ ಆದ ಮಲ್ಲವ್ವ ಆಂಟಿ ಬಂದಿದ್ರು. ಕಣ್ಣ ಮುಚ್ಚಿದ್ದು ನೋಡಿ ತೀರಿಕೊಂಡವ್ರ ಪಟ ಅಂತ ತಿಳಕೊಂಡು, ನಾ ಚಾ ಮಾಡೂದ್ರಾಗ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಿಬಿಟ್ಟಿದ್ರು. ಅವ್ವ ಅದಾಳ್ರಿ ಆಂಟಿ, ಮುಂಜಾನೆನ ಫೋನ್ ಮಾಡಿ ಬೈದಾಳ ಅಂದೆ. ಅವ್ರ ಮಾರಿ ಸಣ್ಣದಾತು. ಆಯುಷ್ಯ ಹೆಚ್ಚಾಗ್ತೈತಿ ಬಿಡಪಾ ಅಂದ್ರು. ಅವ್ವಗ ಹೇಳಿದ್ರ ಬಿದ್ದು ಬಿದ್ದು ನಕ್ಕಳು. "ಚಲೋ ಆತು ಬಿಡೋ, ನಾ ಸತ್ತಾಗ ನೀ ಹಚ್ಚಾಕ ಬರೂದು ತಪ್ಪಿತು" ಅಂದ್ಳು.

ಅದಾಗಿ ಎರಡು ತಿಂಗಳಿಗೆ ಅವ್ವ ಹೋಗೇಬಿಟ್ಲು. ನನ್ನ ವೀಸಾ ನಡುವ ಸಿಕ್ಕೊಂಡಿತ್ತು, ಬರಾಕ ಆಗಲಿಲ್ಲ. ನಿನಗ ಗೊತ್ತೈತಿ.

ಚಿತ್ರ ಪ್ಯಾಕ್ ಮಾಡೀನಿ, ಸೋಮವಾರ ಕಳಸ್ತೀನಿ. ಗ್ಯಾಲರಿಯವ್ರು ವಿಭೂತಿ ಒರಸ್ರಿ ಅಂತಾರ. ಒರಸಬ್ಯಾಡ. ಅವ್ವ ಹೋದಾಗ ಅಲ್ಲಿ ನೀವೆಲ್ಲಾರೂ ಆಕಿಗೆ ಹಚ್ಚೀರಿ. ಇಲ್ಲಿ ನನ್ನ ಮನ್ಯಾಗ ಹಚ್ಚಿದ್ದು ಅದೊಂದ.

ಪ್ರದರ್ಶನ ಚಲೋ ಆಗ್ಲಿ. ಶಿವ ನಿನ್ನ ಕೈ ಕಾಯ್ಲಿ.

ನಿನ್ನ ತಮ್ಮ,
ಸಂಕೇತ್

ತಾ.ಕ.: ಅವ್ವ ಹೋಗೂ ಮುಂದ ನೀ ಬಾಜೂಕ ಇದ್ದಿ. ನನ್ನ ಹೆಸರ ತಗೊಂಡ್ಲೇನು? ನೀ ಹೇಳಿಲ್ಲ, ನಾ ಕೇಳಿಲ್ಲ. ತಗೊಂಡಿಲ್ಲ ಅಂದ್ರ ಈಗ ಹೇಳು. ತಗೊಂಡಿದ್ಲು ಅಂದ್ರ ಇನ್ನೊಂದಿಷ್ಟು ದಿನಾ ಬಿಟ್ಟು ಹೇಳು.