ಹೆಸರು ಹೇಳಬಾರದ ಕಷಾಯ

ಸೋಲೂರು
೧೮ ಆಗಸ್ಟ್ ೨೦೨೪

ಮಗಳು ಅನುಗೆ ನಿಮ್ಮಪ್ಪ ಮಾಡುವ ಆಶೀರ್ವಾದ.

ನನ್ನ ಫೋನು ನೀನು ಎತ್ತುತ್ತಿಲ್ಲ. ಮೆಸೇಜು ಹಾಕಿದರೆ ನಿಮ್ಮವ್ವ ನೋಡಿಬಿಡುತ್ತಾಳೆ. ಅದಕ್ಕೇ ಕುರಿ ಕೊಟ್ಟಿಗೆಯ ಹಿಂದೆ ಕೂತು ಈ ಕಾಗದ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಎಲ್ಲರೆದುರು ಕೇಳಿದೆಯಲ್ಲ, "ಲಿವರ್ ಹಿಂಗಾಗೈತೆ ಅಂದ್ರೆ ಮತ್ತೆ ಕುಡಿಯೋಕೆ ಶುರು ಮಾಡಿದ್ದೀಯಾ ಅಪ್ಪಾ?" ಎಂದು. ನೀನು ಕಾಲೇಜು ಸೇರಿದ ವರ್ಷ ಬಿಟ್ಟವನು ನಾನು, ಇವತ್ತಿನವರೆಗೂ ಮುಟ್ಟಿಲ್ಲ. ಆದರೂ ತಲೆ ತಗ್ಗಿಸಿ ನಿಂತೆ. ಡಾಕ್ಟರು ಕೀಮೋ ನಿಲ್ಲಿಸಿದರು. ನೀನು ಮುಖ ತಿರುಗಿಸಿಕೊಂಡು ಮೈಸೂರಿನ ಬಸ್ಸು ಹತ್ತಿದೆ.

ಹೋದ ದೀಪಾವಳಿಗೆ ಬಂದಾಗ, ನಿಮ್ಮ ಲ್ಯಾಬಿನಲ್ಲಿ ಕಾಡುಶುಂಠಿಯ ರಸಕ್ಕೆ ಕ್ಯಾನ್ಸರ್ ಕಣ ಸಾಯುವುದನ್ನು ನೀನು ಫೋನಿನಲ್ಲಿ ತೋರಿಸಿದ್ದೆ. "ಇದು ಲ್ಯಾಬಿನ ಗಾಜಿನ ತಟ್ಟೇಲಿ ಅಷ್ಟೇ ಕಣವ್ವ, ಮನುಷ್ರಿಗೆ ಏನಾಯ್ತದೋ ಇನ್ನೂ ಗೊತ್ತಿಲ್ಲ" ಎಂದೂ ಹೇಳಿದ್ದೆ. ನಿಮ್ಮವ್ವನ ಕಿವಿಗೆ ಮೊದಲನೆಯದು ಬಿತ್ತು, ಎರಡನೆಯದು ಬೀಳಲಿಲ್ಲ. ಆಮೇಲೆ ನನಗೇ ಆ ಕಾಯಿಲೆ ಬಂತು.

ಕೀಮೋ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ನಿಮ್ಮವ್ವನ ಕೈಯಿಂದ ಒಂದು ಲೋಟ ಕಷಾಯ. "ಏನು ಅಂತ ಕೇಳ್ಬ್ಯಾಡಿ, ಹೆಸ್ರು ಹೇಳುದ್ರೆ ಹತ್ತಾಕಿಲ್ಲ" ಎಂದಳು. ಹೆಸರು ಹೇಳಿದರೆ ನಾಟಿ ಔಷಧಿ ಗುಣ ಕೊಡುವುದಿಲ್ಲ ಎಂಬ ನಮ್ಮ ಕಡೆಯ ಈ ಕಟ್ಟಳೆ ನಿನಗೂ ಗೊತ್ತು. ಕುರಿಗೆ ಹೊಟ್ಟೆ ಉಬ್ಬರಿಸಿದರೆ ಅದೇ ಕಾಡುಶುಂಠಿಯ ಗೆಡ್ಡೆ ಅರೆದು ಕುಡಿಸುವವನು ನಾನು, ವಾಸನೆ ಗೊತ್ತಾಗದೆ ಇರುತ್ತದೆಯೇ? ಬಾಯಿ ಬಿಡಲಿಲ್ಲ. ನನ್ನ ಮಗಳ ಔಷಧಿ ಎಂದು ಒಳಗೊಳಗೇ ಬೀಗುತ್ತಾ ಲೋಟ ಬರಿದು ಮಾಡಿದೆ. ಬೇರೆ ಔಷಧಿ ಏನಾದರೂ ಉಂಟೇ ಎಂದು ಡಾಕ್ಟರು ಕೇಳಿದಾಗ ಇಬ್ಬರೂ ಇಲ್ಲವೆಂದೆವು. ಇದರಿಂದಲೇ ಲಿವರ್ ಕೆಟ್ಟಿತೋ ಏನೋ. ಆವತ್ತೇ ಹೇಳಬೇಕಿತ್ತು.

ಡಾಕ್ಟರಿಗೆ ನೀನೇ ಫೋನು ಮಾಡಿ ಎಲ್ಲವನ್ನೂ ಹೇಳು. ಕೀಮೋ ಮತ್ತೆ ಶುರುವಾಗಲಿ. ನನಗೆ ಬದುಕುವ ಆಸೆ ಇದೆ, ಸುಳ್ಳೇಕೆ. ನಿಮ್ಮವ್ವನಿಗೆ ಮಾತ್ರ ಹೇಳಬೇಡ. ನಾನು ಕುಡಿದೇ ಕೆಡಿಸಿಕೊಂಡೆ ಎಂದು ಅವಳೂ ನಂಬಿದ್ದಾಳೆ, ದಿನವೂ ಬೈಯುತ್ತಾಳೆ. ಬೈಯಲಿ. ತನ್ನ ಕೈಯಾರೆ ಕೊಟ್ಟದ್ದರಿಂದ ಹೀಗಾಯಿತು ಎಂದು ಗೊತ್ತಾದರೆ ಅವಳು ತಡೆದುಕೊಳ್ಳುವುದಿಲ್ಲ.

ಇನ್ನಾದರೂ ಫೋನು ಎತ್ತು ಮಗಳೇ.

ನಿನ್ನ ಅಪ್ಪ,
ಪುಟ್ಟಲಿಂಗಯ್ಯ

ಕಾಗದ ಮಡಚುವ ಮುಂಚೆ ಇನ್ನೊಂದು ಮಾತು: ಈಗ ಕಷಾಯ ಕುಡಿದ ಹಾಗೆ ಮಾಡಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದೇನೆ. ಇವತ್ತು ನಿಮ್ಮವ್ವ ನನ್ನ ಮುಖ ನೋಡಿ, "ಒಸಿ ಗೆಲುವಾಗಿದ್ದೀರಿ ಕಣ್ರೀ, ನಾನ್ ಕೊಡ್ತಿರೋದು ಹತ್ತೈತೆ. ನಾಳೆಯಿಂದ ಸಂಜೆಗೂ ಒಂದ್ ಲೋಟ ಕೊಡ್ತೀನಿ" ಎಂದಳು.